ನೀರಿನ ಮೋಟ್ರಿಂದ ಶುರು ಮಾಡೋಣ: ಫ್ರೀ ಸಾಫ್ಟ್‌ವೇರಲ್ಲಿ ಮನೆ ಆಟೋಮೇಶನ್, ಪೂರ್ತಿ ಸೆಟಪ್

ಹೋಮ್ ಆಟೋಮೇಶನ್ ಅಂದ ತಕ್ಷಣ ಎಲ್ರೂ ಮೊದಲು ಬಣ್ಣದ ಬಲ್ಬು ತಗೋತಾರೆ. ನನ್ನ ಕೇಳಿದ್ರೆ ನಮ್ಮ ಕಡೆ ಮನೆಗಳಲ್ಲಿ ಮೊದಲು ಆಟೋಮೇಟ್ ಆಗ್ಬೇಕಾಗಿರೋದು ನೀರಿನ ಮೋಟ್ರು. ಸಂಪಿಗೆ ಎರಡು ದಿನಕ್ಕೊಂದ್ಸಲ ನೀರು ಬರತ್ತೆ, ಮೋಟ್ರು ಹಾಕಿ ಅಡಿಗೆ ಮನೆಗೆ ಹೋದ ಅಮ್ಮ ಮರ್ತುಬಿಡ್ತಾರೆ, ಮೇಲಿನ ಟ್ಯಾಂಕ್ ತುಂಬಿ ಅರ್ಧ ಗಂಟೆ ಬೀದಿಗೆ ಹರಿಯತ್ತೆ, ಇಲ್ಲಾ ಅಂದ್ರೆ ಸಂಪ್ ಖಾಲಿ ಆಗಿದ್ರೂ ಮೋಟ್ರು ಓಡ್ತಾನೇ ಇದ್ದು ವೈಂಡಿಂಗ್ ಸುಟ್ಟು ಹೋಗತ್ತೆ. ನಮ್ಮ ಅಪ್ಪ ಅಮ್ಮ ಇರೋ ಮನೇಲಿ ಇದನ್ನ ಸರಿ ಮಾಡೋಕೆ ಅಂತಾನೇ ನಾನು ಇದಕ್ಕೆ ಕೈ ಹಾಕಿದ್ದು. ಅದಕ್ಕೆ ಈ ಗೈಡ್ ಪೂರ್ತಿ ಮೋಟ್ರು ಸುತ್ತಾನೇ ಬರೀತೀನಿ, ಇದೊಂದು ಸರಿಯಾಗಿ ಬಂದ್ರೆ ಲೈಟು ಫ್ಯಾನು ಎಲ್ಲಾ ಅದೇ ದಾರಿ.

ಶುರು ಮಾಡೋಕ್ಮುಂಚೆ ಒಂದು ಮಾತು, ಕೊನೇವರೆಗೂ ಇದೇ ಆಧಾರ. ಇಂಟರ್ನೆಟ್ ಹೋದ್ರೂ, ವೈಫೈ ಹೋದ್ರೂ, ಸರ್ವರ್ (ಇದನ್ನೆಲ್ಲಾ ನಡೆಸೋ ಮನೆ ಕಂಪ್ಯೂಟರ್) ಕೆಟ್ಟು ಕೂತ್ರೂ ಅಮ್ಮ ಹೋಗಿ ಸ್ವಿಚ್ ಒತ್ತಿದ್ರೆ ಮೋಟ್ರು ಮೊದಲಿನ ಹಾಗೇ ಓಡ್ಬೇಕು, ಟ್ಯಾಂಕ್ ತುಂಬಿದ್ರೆ ನಿಲ್ಲಬೇಕು. ಅದಾಗಲ್ಲ ಅಂದ್ರೆ ನೀವು ಹಾಕೋ ಆಟೋಮೇಶನ್ ಮನೆಯವರಿಗೆ ಒಂದು ತಲೆನೋವು ಜಾಸ್ತಿ ಮಾಡತ್ತೆ ಅಷ್ಟೇ. ಕಂಪನಿ ಕ್ಲೌಡ್ ಮೇಲೆ ನಡೆಯೋ ಸ್ಮಾರ್ಟ್ ಸ್ವಿಚ್ ಬೇಡ ಅಂತ ನಾನು ಹೇಳೋದಕ್ಕೂ ಇದೇ ಕಾರಣ, ಅವರ ಸರ್ವರ್ ನಿಂತ ದಿನ ನಿಮ್ಮ ಮನೆ ಸ್ವಿಚ್ಚೂ ನಿಲ್ಲತ್ತೆ.

ಯಾವ ಸಾಫ್ಟ್‌ವೇರ್

ಮನೆ ಪೂರ್ತಿ ನೋಡ್ಕೊಳ್ಳೋ ಮೇನ್ ಸಾಫ್ಟ್‌ವೇರ್ ಹೋಮ್ ಅಸಿಸ್ಟೆಂಟ್. 2013ರಲ್ಲಿ ಪೌಲಸ್ ಸ್ಕೌಟ್ಸನ್ ಅನ್ನೋರು ಪೈಥಾನಲ್ಲಿ ಬರೆಯೋಕೆ ಶುರು ಮಾಡಿದ್ದು, ಅಪಾಚೆ 2.0 ಲೈಸೆನ್ಸು, 2024ರಿಂದ ಓಪನ್ ಹೋಮ್ ಫೌಂಡೇಶನ್ ಅನ್ನೋ ಲಾಭರಹಿತ ಸಂಸ್ಥೆ ಕೈಯಲ್ಲಿದೆ. ಜಾವಾ ಗೊತ್ತಿರೋರು ಓಪನ್‌ಹ್ಯಾಬ್ ಇಷ್ಟಪಡ್ತಾರೆ, ತುಂಬಾ ಚಿಕ್ಕ ಮಷೀನ್ ಇದ್ರೆ ಡೊಮೊಟಿಕ್ಸ್ ಹಗುರ. ಎರಡೂ ಓಪನ್ ಸೋರ್ಸೇ, ಎರಡೂ ಒಳ್ಳೇದೇ. ಆದ್ರೆ ಸಿಕ್ಕಾಕ್ಕೊಂಡಾಗ ಉತ್ತರ ಹುಡುಕಿದ್ರೆ ಸಿಗೋದು ಹೋಮ್ ಅಸಿಸ್ಟೆಂಟಿಗೇ ಜಾಸ್ತಿ, ಹಾಗಾಗಿ ನಾನು ಅದನ್ನೇ ಹಾಕಿರೋದು.

ಇದರ ಜೊತೆಗೆ ಇಎಸ್‌ಪಿಹೋಮ್. ಇಎಸ್‌ಪಿ32 ಅಂತ ಒಂದು ಪುಟ್ಟ ವೈಫೈ ಬೋರ್ಡ್ ಬರತ್ತಲ್ಲ, ಅದಕ್ಕೆ ಪ್ರೋಗ್ರಾಮ್ ಹಾಕೋಕೆ ಇದು. ಸಿ ಪ್ಲಸ್ ಪ್ಲಸ್ ಬರೀಬೇಕಾಗಿಲ್ಲ, ಯಾಮಲ್ ಅನ್ನೋ ಸಾದಾ ಸೆಟ್ಟಿಂಗ್ ಫೈಲಲ್ಲಿ ಈ ಪಿನ್ನಿಗೆ ರಿಲೇ (ಬೋರ್ಡು ಹೇಳಿದಾಗ ಆನ್ ಆಫ್ ಆಗೋ ಸ್ವಿಚ್ಚು) ಇದೆ ಈ ಪಿನ್ನಿಗೆ ಸೆನ್ಸರ್ ಇದೆ ಅಂತ ಬರೆದ್ರೆ ಉಳಿದಿದ್ದೆಲ್ಲಾ ಅದೇ ಮಾಡ್ಕೊಳತ್ತೆ.

ಸಾಮಾನು ಏನೇನು ಬೇಕು

ಸರ್ವರಿಗೆ, ಮನೇಲಿ ಧೂಳು ತಿಂತಿರೋ ಹಳೇ ಲ್ಯಾಪ್‌ಟಾಪ್ ಇಲ್ಲಾ ಡೆಸ್ಕ್‌ಟಾಪ್, 64 ಬಿಟ್ ಪ್ರೊಸೆಸರ್ ಇರ್ಬೇಕು, 4 ಜಿಬಿ ರ‍್ಯಾಮ್ ಇದ್ರೆ ಆರಾಮ. ರಾಸ್ಪ್‌ಬೆರಿ ಪೈ 4 ಅಥವಾ 5 ಇದ್ರೆ ಅದೂ ಆಗತ್ತೆ, ಆದ್ರೆ ಎಸ್‌ಡಿ ಕಾರ್ಡ್ ಮೇಲೆ ನಂಬಿಕೆ ಇಡಬೇಡಿ, ಹೋಮ್ ಅಸಿಸ್ಟೆಂಟ್ ದಿನವಿಡೀ ಡೇಟಾಬೇಸಿಗೆ ಬರೀತಾನೇ ಇರತ್ತೆ, ಕಾರ್ಡು ಸವೆದು ಹೋಗತ್ತೆ, ಒಂದು ಎಸ್‌ಎಸ್‌ಡಿ ಹಾಕಿ. ಹಳೇ ಲ್ಯಾಪ್‌ಟಾಪಿಗೆ ಇನ್ನೊಂದು ಅನುಕೂಲ ಇದೆ, ಬ್ಯಾಟರಿ ಇರೋದ್ರಿಂದ ಕರೆಂಟ್ ಹೋದ್ರೂ ಆಫ್ ಆಗಲ್ಲ. ಬ್ಯಾಟರಿ ಊದ್ಕೊಂಡಿದ್ಯಾ ಅಂತ ಒಂದ್ಸಲ ನೋಡ್ಬಿಡಿ, ಊದಿದ್ರೆ ತೆಗೆದು ಹಾಕಿ ಇನ್ವರ್ಟರ್ ಲೈನಿಂದ ಕೊಡಿ.

ಮೋಟ್ರಿಗೆ ಅಂತ ಬೇಕಾಗಿರೋದು: ಇಎಸ್‌ಪಿ32 ಬೋರ್ಡು ಎರಡು (ಒಂದು ಟ್ಯಾಂಕ್ ಹತ್ತಿರ, ಒಂದು ಮೋಟ್ರು ಪಕ್ಕ), ವಾಟರ್‌ಪ್ರೂಫ್ ಅಲ್ಟ್ರಾಸಾನಿಕ್ ಸೆನ್ಸರ್ ಎರಡು (ಜೆಎಸ್‌ಎನ್-ಎಸ್‌ಆರ್04ಟಿ ಅಂತ ಕೇಳಿ), ಒಂದು ಚಾನೆಲ್ ರಿಲೇ ಮಾಡ್ಯೂಲ್, 230 ವೋಲ್ಟ್ ಕಾಯಿಲ್ ಇರೋ ಕಾಂಟ್ಯಾಕ್ಟರ್ (ಮೋಟ್ರಿನ ಭಾರ ತಡೆಯೋ ದೊಡ್ಡ ರಿಲೇ), ಮೂರು ಪೊಸಿಷನ್ ಸೆಲೆಕ್ಟರ್ ಸ್ವಿಚ್, ಟ್ಯಾಂಕಿಗೆ ಫ್ಲೋಟ್ ಸ್ವಿಚ್ (ನೀರು ಏರಿದ ಹಾಗೆ ತೇಲಿ ಮೇಲೆ ಬರೋ ಸ್ವಿಚ್ಚು), ಪಿಜೆಡ್‌ಇಎಂ-004ಟಿ ಅನ್ನೋ ವೋಲ್ಟೇಜ್-ಕರೆಂಟ್ ಅಳೆಯೋ ಮಾಡ್ಯೂಲ್, ಎಲ್ಲಾ ಹಾಕೋಕೆ ನೀರು ಒಳಗೆ ಹೋಗದ ಪ್ಲಾಸ್ಟಿಕ್ ಬಾಕ್ಸು. ಬೆಂಗಳೂರಿನವರಿಗೆ ಎಸ್.ಪಿ. ರೋಡಲ್ಲಿ ಒಂದೇ ಸುತ್ತಿಗೆ ಮುಗಿಯತ್ತೆ, ಬೇರೆ ಊರಿನವರು ಬೋರ್ಡು ಸೆನ್ಸರ್ ಆನ್‌ಲೈನಲ್ಲಿ ತರಿಸಿ, ಕಾಂಟ್ಯಾಕ್ಟರ್ ಸೆಲೆಕ್ಟರ್ ಮಾತ್ರ ಊರಲ್ಲೇ ಪಂಪ್‌ಸೆಟ್ ಸಾಮಾನು ಮಾರೋ ಅಂಗಡೀಲಿ ತಗೊಳ್ಳಿ, ನಿಮ್ಮ ಮೋಟ್ರು ಎಷ್ಟು ಎಚ್‌ಪಿ ಅಂತ ಹೇಳಿದ್ರೆ ಅವರೇ ಸರಿಯಾದ್ದು ಕೊಡ್ತಾರೆ.

ಮೊದಲ ಹೆಜ್ಜೆ: ಹೋಮ್ ಅಸಿಸ್ಟೆಂಟ್ ಇನ್‌ಸ್ಟಾಲ್

ಹೋಮ್ ಅಸಿಸ್ಟೆಂಟ್ ಹಾಕೋಕೆ ಈಗ ಎರಡೇ ದಾರಿ ಅಧಿಕೃತ, ಒಂದು ಅದರದೇ ಆಪರೇಟಿಂಗ್ ಸಿಸ್ಟಮ್, ಇನ್ನೊಂದು ಡಾಕರ್ ಕಂಟೇನರ್. ಡಾಕರ್ ಗೊತ್ತಿದ್ರೂ ಮೊದಲನೇ ಸಲ ಆಪರೇಟಿಂಗ್ ಸಿಸ್ಟಮ್ಮೇ ಹಾಕಿ, ಯಾಕಂದ್ರೆ ಇಎಸ್‌ಪಿಹೋಮ್, ಬ್ಯಾಕಪ್ಪು, ಎಲ್ಲಾ ಒಂದೇ ಕಡೆ ಒಂದು ಕ್ಲಿಕ್ಕಲ್ಲಿ ಬರತ್ತೆ.

ಪೈ ಇರೋರಿಗೆ ಸುಲಭ. ರಾಸ್ಪ್‌ಬೆರಿ ಪೈ ಇಮೇಜರ್ ಓಪನ್ ಮಾಡಿ, ಓಎಸ್ ಆರಿಸೋ ಜಾಗದಲ್ಲಿ ಹೋಮ್ ಆಟೋಮೇಶನ್ ಅನ್ನೋ ಪಟ್ಟಿ ಒಳಗೆ ಹೋಮ್ ಅಸಿಸ್ಟೆಂಟ್ ಇದೆ, ಬರೆದು ಹಾಕಿ ಮುಗೀತು.

ಹಳೇ ಲ್ಯಾಪ್‌ಟಾಪಿಗೆ ಸ್ವಲ್ಪ ಕೆಲಸ ಜಾಸ್ತಿ. ಮೊದಲು ಬಯಾಸಿಗೆ ಹೋಗಿ ಬೂಟ್ ಮೋಡ್ ಯುಇಎಫ್‌ಐ ಮಾಡಿ, ಸೆಕ್ಯೂರ್ ಬೂಟ್ ಆಫ್ ಮಾಡಿ, ಇದೆರಡು ಮಾಡದೆ ಎಷ್ಟು ಸಲ ಹಾಕಿದ್ರೂ ಬೂಟ್ ಆಗಲ್ಲ. ಡೆಸ್ಕ್‌ಟಾಪ್ ಆದ್ರೆ ಅಲ್ಲೇ ಕರೆಂಟ್ ವಾಪಸ್ ಬಂದಾಗ ತಾನಾಗೇ ಆನ್ ಆಗೋ ಆಪ್ಶನ್ ಇರತ್ತೆ, ಅದನ್ನೂ ಆನ್ ಮಾಡ್ಬಿಡಿ. ಆಮೇಲೆ ಒಂದು ಪೆನ್‌ಡ್ರೈವಲ್ಲಿ ಉಬುಂಟು ಹಾಕಿ, ಇನ್‌ಸ್ಟಾಲ್ ಮಾಡದೆ ಟ್ರೈ ಉಬುಂಟು ಅಂತ ಕೊಟ್ಟು ಒಳಗೆ ಹೋಗಿ, ಬ್ರೌಸರಲ್ಲಿ ಹೋಮ್ ಅಸಿಸ್ಟೆಂಟ್ ಸೈಟಿಂದ ಜೆನೆರಿಕ್ ಎಕ್ಸ್86-64 ಇಮೇಜ್ ಇಳಿಸಿ, ಡಿಸ್ಕ್ಸ್ ಅನ್ನೋ ಆ್ಯಪ್ ತೆಗೆದು ಲ್ಯಾಪ್‌ಟಾಪಿನ ಒಳಗಿನ ಡಿಸ್ಕ್ ಆರಿಸಿ, ಮೆನುವಲ್ಲಿ ರೀಸ್ಟೋರ್ ಡಿಸ್ಕ್ ಇಮೇಜ್ ಕೊಡಿ. ಇದು ಆ ಡಿಸ್ಕಲ್ಲಿರೋ ಎಲ್ಲಾನೂ ಅಳಿಸತ್ತೆ. ಹಳೇ ಫೋಟೋ, ಮದುವೆ ವಿಡಿಯೋ ಏನಾದ್ರೂ ಇದ್ರೆ ಮೊದಲೇ ಕಾಪಿ ಮಾಡ್ಕೊಳ್ಳಿ, ದಯವಿಟ್ಟು.

ಪೆನ್‌ಡ್ರೈವ್ ತೆಗೆದು ಲ್ಯಾನ್ ಕೇಬಲ್ ರೌಟರಿಗೆ ಚುಚ್ಚಿ ಆನ್ ಮಾಡಿ. ಸರ್ವರಿಗೆ ವೈಫೈ ಬೇಡ, ಕೇಬಲ್ಲೇ ಇರ್ಲಿ. ಹತ್ತಿಪ್ಪತ್ತು ನಿಮಿಷ ಬಿಟ್ಟು ಫೋನಲ್ಲೋ ಬೇರೆ ಕಂಪ್ಯೂಟರಲ್ಲೋ ಬ್ರೌಸರ್ ತೆಗೆದು ಹೋಮ್‌ಅಸಿಸ್ಟೆಂಟ್ ಡಾಟ್ ಲೋಕಲ್ ಅಂತ ಹಾಕಿ ಕೋಲನ್ 8123 ಪೋರ್ಟ್ ಕೊಡಿ, ಅಕೌಂಟ್ ಮಾಡು ಅಂತ ಕೇಳತ್ತೆ. ಆ ಹೆಸರಲ್ಲಿ ಬರ್ಲಿಲ್ಲ ಅಂದ್ರೆ ರೌಟರ್ ಪೇಜಲ್ಲಿ ಹೋಗಿ ಐಪಿ ಅಡ್ರೆಸ್ ನೋಡಿ ಅದೇ ಹಾಕಿ. ಅಲ್ಲೇ ಇರುವಾಗ ಡಿಎಚ್‌ಸಿಪಿ ರಿಸರ್ವೇಶನ್ ಅಂತ ಇರತ್ತೆ, ಈ ಮಷೀನಿಗೆ ಯಾವಾಗ್ಲೂ ಒಂದೇ ಐಪಿ ಸಿಗೋ ಹಾಗೆ ಮಾಡ್ಬಿಡಿ. ಇಲ್ಲಾ ಅಂದ್ರೆ ಮುಂದಿನ ತಿಂಗಳು ಕರೆಂಟ್ ಹೋಗಿ ಬಂದಾಗ ಐಪಿ ಬದಲಾಗಿ ಹುಡುಕ್ತಾ ಕೂರ್ಬೇಕಾಗತ್ತೆ.

ರೌಟರನ್ನೂ ಇನ್ವರ್ಟರ್ ಲೈನಿಗೆ ತನ್ನಿ, ಸರ್ವರ್ ಎದ್ದಿದ್ದು ರೌಟರ್ ಮಲಗಿದ್ರೆ ಪ್ರಯೋಜನ ಇಲ್ಲ.

ಎರಡನೇದು: ಇಎಸ್‌ಪಿ ಬೋರ್ಡಿಗೆ ಮೊದಲ ಪ್ರೋಗ್ರಾಮ್

ಸೆಟ್ಟಿಂಗ್ಸ್ ಒಳಗೆ ಆ್ಯಡ್-ಆನ್ ಸ್ಟೋರಲ್ಲಿ (ಹೊಸ ವರ್ಷನಲ್ಲಿ ಇದರ ಹೆಸರು ಆ್ಯಪ್ಸ್) ಇಎಸ್‌ಪಿಹೋಮ್ ಡಿವೈಸ್ ಬಿಲ್ಡರ್ ಹಾಕ್ಕೊಳ್ಳಿ. ಹೊಸ ಡಿವೈಸ್ ಕೊಟ್ಟು ಹೆಸರು, ವೈಫೈ ಹೆಸರು, ಪಾಸ್‌ವರ್ಡ್ ಕೊಟ್ರೆ ಒಂದು ಯಾಮಲ್ ಫೈಲ್ ಮಾಡ್ಕೊಡತ್ತೆ. ಮೊದಲನೇ ಸಲ ಮಾತ್ರ ಯುಎಸ್‌ಬಿ ಕೇಬಲಲ್ಲಿ ಹಾಕ್ಬೇಕು, ಕ್ರೋಮ್ ಬ್ರೌಸರಿಂದಾನೇ ಆಗತ್ತೆ, ಆಮೇಲಿಂದೆಲ್ಲಾ ವೈಫೈ ಮೇಲೇ ಅಪ್‌ಡೇಟ್ ಹೋಗತ್ತೆ, ಬೋರ್ಡು ಟೆರೇಸ್ ಮೇಲಿದ್ರೂ ನೀವು ಕೆಳಗೆ ಕೂತೇ ಹಾಕ್ಬಹುದು.

ಇಲ್ಲಿ ಎಲ್ರೂ ಎಡವೋ ಜಾಗ ಮೂರು. ಒಂದು, ಕಂಪ್ಯೂಟರಿಗೆ ಬೋರ್ಡೇ ಕಾಣಲ್ಲ, ಅದಕ್ಕೆ ಬಹಳ ಸಲ ಕೇಬಲ್ಲೇ ಕಾರಣ, ಚಾರ್ಜ್ ಮಾತ್ರ ಆಗೋ ಕೇಬಲಲ್ಲಿ ಡೇಟಾ ವೈರ್ ಇರಲ್ಲ. ಎರಡು, ಮಾಮೂಲಿ ಇಎಸ್‌ಪಿ32ಗೆ 2.4 ಗಿಗಾಹರ್ಟ್ಜ್ ವೈಫೈ ಮಾತ್ರ ಗೊತ್ತು, ರೌಟರ್ ಎರಡೂ ಬ್ಯಾಂಡಿಗೆ ಒಂದೇ ಹೆಸರಿಟ್ಟು ಕನೆಕ್ಟ್ ಆಗ್ತಿಲ್ಲ ಅಂದ್ರೆ 2.4ಕ್ಕೆ ಬೇರೆ ಹೆಸರಿಡಿ. ಮೂರು, ಯಾಮಲಲ್ಲಿ ಸಾಲಿನ ಮುಂದೆ ಬಿಡೋ ಜಾಗಕ್ಕೇ ಅರ್ಥ ಇದೆ, ಒಳಗೊಳಗೆ ಹೋದ ಹಾಗೆ ಎರಡೆರಡು ಸ್ಪೇಸ್, ಟ್ಯಾಬ್ ಒತ್ತಬೇಡಿ.

ಇನ್ನೊಂದು ಸಣ್ಣ ಸೆಟ್ಟಿಂಗು, ಇದನ್ನ ನಾನು ಎರಡು ವಾರ ಹುಡುಕಿದೀನಿ. ಒಂದಿನ ಸರ್ವರ್ ಆಫ್ ಮಾಡಿ ಕ್ಲೀನ್ ಮಾಡ್ತಾ ಇದ್ದೆ, ಬೋರ್ಡಲ್ಲಿ ಹಾಕಿದ್ದ ಬಟನ್ನಿಂದ ಅಪ್ಪ ಮೋಟ್ರು ಹಾಕಿದ್ರು, ಕಾಲು ಗಂಟೆಗೆ ನಿಂತೋಯ್ತು, ಮತ್ತೆ ಹಾಕಿದ್ರು ಮತ್ತೆ ಕಾಲು ಗಂಟೆಗೆ ನಿಂತೋಯ್ತು. ಮೋಟ್ರು ಬಿಸಿಯಾಗ್ತಿದೆ ಅಂತ ಮೆಕ್ಯಾನಿಕ್ ಕೂಡ ಬಂದು ನೋಡಿ ಹೋದ್ರು. ಕಾರಣ ಏನಂದ್ರೆ ಇಎಸ್‌ಪಿಹೋಮಲ್ಲಿ ಸರ್ವರ್ ಜೊತೆ ಸಂಪರ್ಕ 15 ನಿಮಿಷ ಸಿಗ್ಲಿಲ್ಲ ಅಂದ್ರೆ ಬೋರ್ಡು ತಾನಾಗೇ ರೀಬೂಟ್ ಆಗ್ಬೇಕು ಅಂತ ಮೊದಲೇ ಸೆಟ್ ಆಗಿರತ್ತೆ, ವೈಫೈಗೂ ಅಷ್ಟೇ. ರೀಬೂಟ್ ಆದ್ರೆ ರಿಲೇ ಬಿಡತ್ತೆ, ಮೋಟ್ರು ನಿಲ್ಲತ್ತೆ. ಯಾಮಲಲ್ಲಿ ಎಪಿಐ (ಸರ್ವರ್ ಜೊತೆ ಮಾತಾಡೋ ಭಾಗ) ಕೆಳಗೂ ವೈಫೈ ಕೆಳಗೂ ರೀಬೂಟ್ ಟೈಮ್‌ಔಟ್ ಅನ್ನೋದನ್ನ 0 ಸೆಕೆಂಡ್ ಅಂತ ಕೊಡಿ. ಮೋಟ್ರು ಬೋರ್ಡಿಗೆ ಇದು ಕಡ್ಡಾಯ.

ಮೂರನೇದು: ಟ್ಯಾಂಕಲ್ಲಿ ಎಷ್ಟು ನೀರಿದೆ

ಅಲ್ಟ್ರಾಸಾನಿಕ್ ಸೆನ್ಸರ್ ಟ್ಯಾಂಕಿನ ಮೇಲಿಂದ ಕೆಳಗೆ ನೋಡ್ತಾ ಶಬ್ದ ಬಿಡತ್ತೆ, ನೀರಿಗೆ ತಾಗಿ ವಾಪಸ್ ಬರೋ ಟೈಮಿಂದ ದೂರ ಲೆಕ್ಕ ಹಾಕತ್ತೆ. ಇದಕ್ಕೆ ಹತ್ತಿರದಲ್ಲಿ ಕುರುಡು ಜಾಗ ಇದೆ, 20ರಿಂದ 25 ಸೆಂಟಿಮೀಟರ್ ಒಳಗಿರೋದು ಅದಕ್ಕೆ ಸರಿಯಾಗಿ ಕಾಣಲ್ಲ. ಸೆನ್ಸರನ್ನ ಸೀದಾ ಮುಚ್ಚಳಕ್ಕೆ ಕೂರಿಸಿದ್ರೆ ಟ್ಯಾಂಕ್ ತುಂಬ್ತಾ ಬಂದಾಗ್ಲೇ ತಪ್ಪು ರೀಡಿಂಗ್ ಬರತ್ತೆ, ಅಂದ್ರೆ ನಮಗೆ ನಿಜವಾಗ್ಲೂ ಬೇಕಾದ ಹೊತ್ತಲ್ಲೇ. ಅದಕ್ಕೆ ಮುಚ್ಚಳಕ್ಕೆ ತೂತು ಮಾಡಿ 4 ಇಂಚಿನ ಪಿವಿಸಿ ಪೈಪಿನ ತುಂಡು ಮೇಲ್ಮುಖವಾಗಿ ನಿಲ್ಲಿಸಿ, ಅದರ ತುದೀಲಿ ಎಂಡ್ ಕ್ಯಾಪಿಗೆ ಸೆನ್ಸರ್ ಕೂರಿಸಿ. ನೀರು ಪೂರ್ತಿ ತುಂಬಿದ ಗೆರೆಯಿಂದ ಸೆನ್ಸರಿಗೆ 30 ಸೆಂಟಿಮೀಟರ್ ಇರೋ ಹಾಗೆ ನೋಡ್ಕೊಳ್ಳಿ. ನೀರು ಬೀಳೋ ಪೈಪಿಂದ ಆದಷ್ಟು ದೂರ ಇರ್ಬೇಕು, ಬೀಳ್ತಿರೋ ನೀರಿಗೆ ಶಬ್ದ ತಾಗಿದ್ರೆ ರೀಡಿಂಗ್ ಕುಣಿಯತ್ತೆ.

ವೈರಿಂಗ್ ಹೀಗೆ: ಸೆನ್ಸರಿಗೆ 5 ವೋಲ್ಟ್, ಗ್ರೌಂಡ್, ಟ್ರಿಗರ್ ಒಂದು ಪಿನ್ನಿಗೆ, ಎಕೋ ಇನ್ನೊಂದಕ್ಕೆ. ಎಕೋ ವೈರಲ್ಲಿ 5 ವೋಲ್ಟ್ ಬರತ್ತೆ, ಇಎಸ್‌ಪಿ32 ಪಿನ್ನು ತಡೆಯೋದು 3.3 ಮಾತ್ರ, ನಡುವೆ ಎರಡು ರೆಸಿಸ್ಟರ್ ಹಾಕಿ, ಎಕೋದಿಂದ ಪಿನ್ನಿಗೆ 1 ಕಿಲೋಓಮ್, ಪಿನ್ನಿಂದ ಗ್ರೌಂಡಿಗೆ 2 ಕಿಲೋಓಮ್. ಪಿನ್ ಆರಿಸುವಾಗ ಜಿಪಿಐಓ (ಅಂದ್ರೆ ಪಿನ್ ನಂಬರ್) 0, 2, 12, 15 ಬಿಟ್ಬಿಡಿ, ಬೂಟ್ ಆಗೋವಾಗ ಚಿಪ್ಪೇ ಅವನ್ನ ನೋಡತ್ತೆ. 34ರಿಂದ 39 ಇನ್‌ಪುಟ್ಟಿಗೆ ಮಾತ್ರ. ನಾನು 25, 26, 27, 32, 33 ಇವನ್ನೇ ಬಳಸೋದು.

ಯಾಮಲಲ್ಲಿ ಅಲ್ಟ್ರಾಸಾನಿಕ್ ಸೆನ್ಸರ್ ಸೇರಿಸಿ, ಹತ್ತು ಸೆಕೆಂಡಿಗೊಂದು ರೀಡಿಂಗ್, ಅದಕ್ಕೆ ಮೀಡಿಯನ್ ಫಿಲ್ಟರ್ ಹಾಕಿ 7 ರೀಡಿಂಗಲ್ಲಿ ಮಧ್ಯದ್ದು ತಗೋ ಅನ್ನಿ. ಸರಾಸರಿ ಬೇಡ, ಒಂದು ಹುಚ್ಚು ರೀಡಿಂಗ್ ಬಂದ್ರೆ ಸರಾಸರಿ ಪೂರ್ತಿ ಕೆಡತ್ತೆ, ಮೀಡಿಯನ್ ಅದನ್ನ ತಳ್ಳಿ ಹಾಕತ್ತೆ. ಆಮೇಲೆ ಕ್ಯಾಲಿಬ್ರೇಟ್ ಲೀನಿಯರ್ ಫಿಲ್ಟರಲ್ಲಿ ಎರಡು ಅಳತೆ ಕೊಟ್ರೆ ಸಾಕು, 0.30 ಮೀಟರ್ ಅಂದ್ರೆ 100 ಪರ್ಸೆಂಟ್, ಟ್ಯಾಂಕ್ ತಳದವರೆಗಿನ ದೂರ, ನಮ್ಮ ಮನೇಲಿ 1.30 ಮೀಟರ್, ಅಂದ್ರೆ 0 ಪರ್ಸೆಂಟ್. ನಿಮ್ಮದನ್ನ ಟೇಪ್ ಹಿಡಿದು ನೀವೇ ಅಳೀರಿ.

ಸಂಪಿಗೂ ಇದೇ ಸೆನ್ಸರ್ ಇದೇ ವಿಧಾನ, ಅದರ ವೈರು ಮೋಟ್ರು ಪಕ್ಕದ ಬೋರ್ಡಿಗೆ. ಸಂಪ್ ಆಳ 2 ಮೀಟರಿಗಿಂತ ಜಾಸ್ತಿ ಇದ್ರೆ ಯಾಮಲಲ್ಲಿ ಟೈಮ್‌ಔಟ್ ಅಂತ ಒಂದಿದೆ, ಅದು ಏನೂ ಬರೀದಿದ್ರೆ 2 ಮೀಟರಿಗೇ ನಿಲ್ಲತ್ತೆ, 4 ಮೀಟರ್ (4m) ಅಂತ ಮಾಡಿ.

ನಾಲ್ಕನೇದು: ಮೋಟ್ರು ಬಾಕ್ಸು, ಇಲ್ಲಿ ನಿಧಾನ

ಈ ಭಾಗಕ್ಕೆ ಎಲೆಕ್ಟ್ರಿಷಿಯನ್ ಕರೀರಿ. ನೀರು, 230 ವೋಲ್ಟು ಎರಡೂ ಒಂದೇ ಜಾಗದಲ್ಲಿ ಇರತ್ತೆ. ಎಂಸಿಬಿ ಇಳಿಸಿ, ಟೆಸ್ಟರಲ್ಲಿ ಎರಡು ಸಲ ನೋಡಿ, ಮೋಟ್ರು ಬಾಡಿಗೆ ಅರ್ಥ್ ಇದ್ಯಾ ಖಾತ್ರಿ ಮಾಡ್ಕೊಳ್ಳಿ, ಮೋಟ್ರು ಲೈನಿಗೆ ಕರೆಂಟ್ ಸೋರಿದ್ರೆ ತಾನಾಗೇ ಕಡಿಯೋ 30 ಮಿಲಿಆಂಪ್ ಆರ್‌ಸಿಸಿಬಿ ಇಲ್ಲ ಅಂದ್ರೆ ಆಟೋಮೇಶನ್ನಿಗಿಂತ ಮೊದಲು ಅದನ್ನ ಹಾಕ್ಸಿ.

ಮೊದಲನೇ ಸಲ ನಾನು ನೀಲಿ ಬಣ್ಣದ 10 ಆಂಪ್ ರಿಲೇ ಮಾಡ್ಯೂಲಿಗೆ ಸೀದಾ ಮೋಟ್ರು ಕೊಟ್ಟಿದ್ದೆ. ನಮ್ಮ 1 ಎಚ್‌ಪಿ ಮೋಟ್ರು ಓಡ್ತಾ ಇರುವಾಗ 6 ಆಂಪ್ ಆಸುಪಾಸು, 10 ಸಾಕಲ್ವಾ ಅಂದ್ಕೊಂಡೆ. ಆದ್ರೆ ಸ್ಟಾರ್ಟ್ ಆಗೋ ಕ್ಷಣದಲ್ಲಿ ಅದು ಎಳೆಯೋದು ಐದಾರು ಪಟ್ಟು. ಒಂದೂವರೆ ತಿಂಗಳಿಗೆ ರಿಲೇ ಒಳಗಿನ ಪಾಯಿಂಟು ಬೆಸುಗೆ ಹಾಕಿದ ಹಾಗೆ ಅಂಟ್ಕೊಂಡು ಬಿಡ್ತು. "ಮೋಟ್ರು ಆಫೇ ಆಗ್ತಿಲ್ಲ ಕಣೋ, ಫೋನಲ್ಲಿ ಆಫ್ ಅಂತ ತೋರಿಸ್ತಿದೆ, ನೀರು ಮೆಟ್ಲಿಳಿದು ಬರ್ತಿದೆ" ಅಂತ ಅಪ್ಪ ಫೋನ್ ಮಾಡಿದ್ರು. ಆವಾಗ ಮೇನ್ ಇಳಿಸೋಕೆ ಹೇಳ್ಬೇಕಾಯ್ತು. ಬಾಕ್ಸ್ ಬಿಚ್ಚಿ ನೋಡಿದ್ರೆ ಎರಡು ಲೋಹದ ಬೊಟ್ಟು ಒಂದಕ್ಕೊಂದು ಕಚ್ಚಿಕೊಂಡು ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು.

ಹಾಗಾಗಿ ರಿಲೇ ಕೆಲಸ ಕಾಂಟ್ಯಾಕ್ಟರ್ ಕಾಯಿಲಿಗೆ ಕರೆಂಟ್ ಕೊಡೋದು ಮಾತ್ರ, ಮೋಟ್ರು ಭಾರ ಹೊರೋದು ಕಾಂಟ್ಯಾಕ್ಟರ್. ಮೋಟ್ರಿಗೆ ಅಂತಾನೇ ಎಸಿ-3 ರೇಟಿಂಗ್ ಬರೆದಿರತ್ತೆ, ಅದನ್ನ ನೋಡಿ ತಗೊಳ್ಳಿ.

ಸೆಲೆಕ್ಟರ್ ಸ್ವಿಚ್ಚಲ್ಲಿ ಮೂರು ಜಾಗ: ಆಟೋ, ಆಫ್, ಮ್ಯಾನ್ಯುಯಲ್. ಮ್ಯಾನ್ಯುಯಲಿಗೆ ತಿರುಗಿಸಿದ್ರೆ ಫೇಸ್ ಸೀದಾ ಕಾಯಿಲಿಗೆ ಹೋಗತ್ತೆ, ನಡುವೆ ಬೋರ್ಡೂ ಇಲ್ಲ ವೈಫೈಯೂ ಇಲ್ಲ. ಆಟೋಗೆ ತಿರುಗಿಸಿದ್ರೆ ರಿಲೇ ಮೂಲಕ ಹೋಗತ್ತೆ. ಶುರುವಲ್ಲಿ ಹೇಳಿದ ಮಾತಿಗೆ ಅರ್ಧ ಉತ್ತರ ಈ ಸ್ವಿಚ್ಚೇ, ಅಮ್ಮಂಗೆ ಒಂದೇ ಸಲ ತೋರಿಸಿದ್ದು, ಮತ್ತೆ ಕೇಳಿಲ್ಲ. ಮ್ಯಾನ್ಯುಯಲಲ್ಲಿ ಹಾಕಿ ಮರೆತ್ರೆ ಏನ್ಗತಿ ಅಂತೀರಾ, ಆ ದಾರೀಲಿ ಒಂದು ಟೈಮರ್ ರಿಲೇ ಸೇರಿಸಿ, ನಾವು 40 ನಿಮಿಷಕ್ಕೆ ಇಟ್ಟಿದೀವಿ, ನಮ್ಮ 1000 ಲೀಟರ್ ಟ್ಯಾಂಕ್ ಅಷ್ಟರಲ್ಲಿ ತುಂಬತ್ತೆ.

ಬೋರ್‌ವೆಲ್ ಸಬ್‌ಮರ್ಸಿಬಲ್ ಇರೋರಿಗೆ ಸ್ಟಾರ್ಟರ್ ಪ್ಯಾನೆಲ್ ಇರತ್ತೆ, ಹಸಿರು ಬಟನ್ ಒತ್ತಿ ಬಿಟ್ರೆ ಸ್ಟಾರ್ಟು, ಕೆಂಪು ಒತ್ತಿದ್ರೆ ಸ್ಟಾಪು. ಅಲ್ಲಿ ಕಾಂಟ್ಯಾಕ್ಟರ್ ಬೇರೆ ಬೇಡ, ಎರಡು ರಿಲೇ ಸಾಕು. ಒಂದನ್ನ ಹಸಿರು ಬಟನ್ನಿಗೆ ಪ್ಯಾರಲಲ್ಲಾಗಿ ಹಾಕಿ ಎರಡು ಸೆಕೆಂಡ್ ಮುಚ್ಚಿ ಬಿಡೋದು, ಇನ್ನೊಂದರ ನಾರ್ಮಲಿ ಕ್ಲೋಸ್ಡ್ ಪಾಯಿಂಟನ್ನ ಕೆಂಪು ಬಟನ್ನಿಗೆ ಸೀರೀಸಲ್ಲಿ ಹಾಕಿ ಎರಡು ಸೆಕೆಂಡ್ ತೆರೆದು ಬಿಡೋದು. ಹಳೇ ಬಟನ್ನುಗಳು ಹಾಗೇ ಕೆಲಸ ಮಾಡ್ತಾ ಇರತ್ತೆ.

ಈಗ ಫ್ಲೋಟ್ ಸ್ವಿಚ್. ಅಲ್ಟ್ರಾಸಾನಿಕ್ ಇದ್ಮೇಲೆ ಇದ್ಯಾಕೆ ಅಂದ್ರೆ, ಮೇಲಿನ ಸೆನ್ಸರ್ ಹೇಳೋ ಲೆವೆಲ್ಲು ವೈಫೈ, ಸರ್ವರ್ ಎಲ್ಲಾ ದಾಟಿ ಮೋಟ್ರು ಬೋರ್ಡಿಗೆ ಬರ್ಬೇಕು, ನಡುವೆ ಏನು ಕೆಟ್ರೂ ಗೊತ್ತಾಗಲ್ಲ. ಫ್ಲೋಟನ್ನ ಟ್ಯಾಂಕಿನ ಮೇಲ್ಗಡೆ ನೇತು ಹಾಕಿ, ಅದರಿಂದ ಎರಡು ವೈರು ಸೀದಾ ಕೆಳಗೆ ಮೋಟ್ರು ಬೋರ್ಡಿನ ಒಂದು ಪಿನ್ನಿಗೆ. ಮೇನ್ ಕರೆಂಟ್ ಟ್ಯಾಂಕೊಳಗೆ ಇಳಿಸಬೇಡಿ, ಇದು 3.3 ವೋಲ್ಟಿನ ಲೈನು ಮಾತ್ರ. ವೈರ್ ಹೇಗೆ ಹಾಕ್ಬೇಕು ಅಂದ್ರೆ ಟ್ಯಾಂಕ್ ತುಂಬದೇ ಇರುವಾಗ ಸರ್ಕ್ಯೂಟ್ ಮುಚ್ಚಿರ್ಬೇಕು, ತುಂಬಿದಾಗ ತೆರೀಬೇಕು. ಹೀಗೆ ಮಾಡಿದ್ರೆ ಇಲಿ ವೈರ್ ಕಡಿದ್ರೂ, ಬಿಸಿಲಿಗೆ ಜಾಯಿಂಟ್ ಬಿಟ್ಕೊಂಡ್ರೂ ಬೋರ್ಡಿಗೆ ಟ್ಯಾಂಕ್ ತುಂಬಿದೆ ಅಂತಾನೇ ಅನ್ನಿಸಿ ಮೋಟ್ರು ನಿಲ್ಲತ್ತೆ. ಉಲ್ಟಾ ಹಾಕಿದ್ರೆ ವೈರ್ ತುಂಡಾದ ದಿನ ನೀರು ನಿಲ್ಲೋದೇ ಇಲ್ಲ. ಫ್ಲೋಟಲ್ಲಿ ಮೂರು ಬಣ್ಣದ ವೈರ್ ಬರತ್ತೆ, ಯಾವ ಜೋಡಿ ಅಂತ ಮಲ್ಟಿಮೀಟರ್ ಹಿಡಿದು ಫ್ಲೋಟ್ ಎತ್ತಿ ಇಳಿಸಿ ನೋಡ್ಕೊಳ್ಳಿ. ವೈರು ಉದ್ದ ಇದ್ರೆ ಬೋರ್ಡೊಳಗಿನ ಪುಲ್-ಅಪ್ (ಪಿನ್ನನ್ನ 3.3 ವೋಲ್ಟಿಗೆ ಎಳೆದಿಡೋ ರೆಸಿಸ್ಟರ್) ಸಾಲಲ್ಲ, ಹೊರಗೆ 4.7 ಕಿಲೋಓಮ್ ಒಂದು ಹಾಕಿ, ಯಾಮಲಲ್ಲಿ ಅರ್ಧ ಸೆಕೆಂಡ್ ಡಿಲೇ ಫಿಲ್ಟರ್ ಕೊಡಿ. ಗುಡುಗು ಸಿಡಿಲು ಜಾಸ್ತಿ ಇರೋ ಮಲೆನಾಡು ಕಡೆಯೋರು ಟೆರೇಸಿಂದ ಬರೋ ಈ ವೈರಿಗೆ ಆಪ್ಟೋಕಪ್ಲರ್ (ಬೆಳಕಿನ ಮೂಲಕ ಸಿಗ್ನಲ್ ದಾಟಿಸೋ ಚಿಪ್ಪು) ಹಾಕಿದ್ರೆ ಬೋರ್ಡು ಉಳಿಯೋ ಸಾಧ್ಯತೆ ಜಾಸ್ತಿ.

ಮೋಟ್ರು ಬೋರ್ಡಿನ ಯಾಮಲಲ್ಲಿ ಬರೀಬೇಕಾದ್ದು: ರಿಲೇ ಸ್ವಿಚ್ಚಿಗೆ ರೀಸ್ಟೋರ್ ಮೋಡ್ ಆಲ್ವೇಸ್ ಆಫ್, ಅಂದ್ರೆ ಕರೆಂಟ್ ಹೋಗಿ ಬಂದಾಗ ಮೋಟ್ರು ತಾನಾಗೇ ಆನ್ ಆಗಲ್ಲ. ಹೆಚ್ಚಿನ ರಿಲೇ ಮಾಡ್ಯೂಲು ಉಲ್ಟಾ ಕೆಲಸ ಮಾಡತ್ತೆ, ಪಿನ್ ಕೆಳಗೆ ಹೋದ್ರೆ ಆನ್, ಹಾಗಿದ್ರೆ ಇನ್ವರ್ಟೆಡ್ ಟ್ರೂ ಕೊಡಿ. ಆನ್ ಆದ ತಕ್ಷಣ 45 ನಿಮಿಷ ಕಾದು ಆಫ್ ಮಾಡೋ ಸ್ಕ್ರಿಪ್ಟು ಬೋರ್ಡೊಳಗೇ ಇರ್ಲಿ, ಫ್ಲೋಟ್ ತೆರೆದ್ರೆ ಆಫ್ ಮಾಡೋದೂ ಬೋರ್ಡೊಳಗೇ, ಸಂಪ್ 15 ಪರ್ಸೆಂಟಿಗಿಂತ ಕೆಳಗೆ ಹೋದ್ರೆ ಆಫ್ ಮಾಡೋದೂ ಬೋರ್ಡೊಳಗೇ. ಇವು ಮೂರನ್ನ ಹೋಮ್ ಅಸಿಸ್ಟೆಂಟಲ್ಲಿ ಬರೀಬೇಡಿ. ಹಾನಿ ತಡೆಯೋ ನಿಯಮ ಯಾವುದೇ ಇರ್ಲಿ ಮೋಟ್ರಿಗೆ ಹತ್ತಿರ ಇರೋ ಚಿಪ್ಪಲ್ಲೇ ಇರ್ಬೇಕು.

ಪಿಜೆಡ್‌ಇಎಂ ಮಾಡ್ಯೂಲ್ ಯಾಕೆ ಅಂತ ಹೇಳ್ಲಿಲ್ಲ. ಅದರ ಬಳೆ ತರ ಇರೋ ಸಿಟಿ (ಕರೆಂಟ್ ಅಳೆಯೋ ಕಾಯಿಲ್) ಒಳಗೆ ಮೋಟ್ರಿಗೆ ಹೋಗೋ ಒಂದು ವೈರ್ ಹಾಯಿಸಿದ್ರೆ ವೋಲ್ಟೇಜು, ಆಂಪ್ಸು, ವಾಟ್ಸು ಎಲ್ಲಾ ಬರತ್ತೆ. ನೀರು ಸಿಗದೇ ಓಡೋ ಮೋಟ್ರು ಕಮ್ಮಿ ಕರೆಂಟ್ ಎಳೆಯತ್ತೆ, ಏರ್ ಲಾಕ್ ಆದಾಗ್ಲೂ ಅಷ್ಟೇ. ನಮ್ಮದು ನೀರಿದ್ದಾಗ 6, ಒಣಗಿ ಓಡಿದ್ರೆ 4ಕ್ಕಿಂತ ಕೆಳಗೆ. ನಿಮ್ಮ ಮೋಟ್ರಿನ ಎರಡು ನಂಬರ್ ನೀವೇ ನೋಡಿ ಬರ್ಕೊಂಡು, ಆನ್ ಆಗಿ ಒಂದು ನಿಮಿಷ ಆದ್ಮೇಲೂ ಕರೆಂಟು ಮಧ್ಯದ ಗೆರೆಗಿಂತ ಕೆಳಗಿದ್ರೆ ಆಫ್. ಬೇಸಿಗೇಲಿ ವೋಲ್ಟೇಜ್ 180ಕ್ಕಿಂತ ಕೆಳಗೆ ಇಳಿಯೋ ಕಡೆ ಮೋಟ್ರು ಶುರುವಾಗೋದನ್ನೇ ತಡೀರಿ, ಕಡಿಮೆ ವೋಲ್ಟೇಜಲ್ಲಿ ಗುಂಯ್ ಅಂತ ನಿಂತ ಮೋಟ್ರು ಬೇಗ ಸುಡತ್ತೆ. ಈ ಮಾಡ್ಯೂಲಿಗೆ 5 ವೋಲ್ಟ್ ಕೊಟ್ರೆ ಅದರಿಂದ ಬೋರ್ಡಿಗೆ ಬರೋ ಲೈನಿಗೂ ಮೇಲೆ ಹೇಳಿದ ಎರಡು ರೆಸಿಸ್ಟರ್ ಹಾಕೋದು ಮರೀಬೇಡಿ.

ಬೋರ್ಡು ಕಾಂಟ್ಯಾಕ್ಟರ್ ಬಿಡೋ ಕ್ಷಣದಲ್ಲಿ ಹ್ಯಾಂಗ್ ಆಗ್ತಿದ್ರೆ ಪ್ರೋಗ್ರಾಮಲ್ಲಿ ತಪ್ಪು ಹುಡುಕ್ಬೇಡಿ. ಟಕ್ ಅಂತ ಕಾಯಿಲ್ ಬಿಟ್ಟಾಗ ಹುಟ್ಟೋ ಕಿಡಿ ಅದು. ಕಾಯಿಲಿನ ಎರಡು ತುದಿಗೆ ಅಡ್ಡ ಆರ್‌ಸಿ ಸ್ನಬ್ಬರ್ (ಆ ಕಿಡಿ ಹೀರೋ ರೆಸಿಸ್ಟರ್-ಕೆಪಾಸಿಟರ್ ಜೋಡಿ) ಹಾಕಿದ ದಿನದಿಂದ ನಮ್ಮದು ಒಂದ್ಸಲಾನೂ ಹ್ಯಾಂಗ್ ಆಗಿಲ್ಲ.

ಐದನೇದು: ಆಟೋಮೇಶನ್ ಬರೆಯೋದು

ಎರಡೂ ಬೋರ್ಡು ವೈಫೈಗೆ ಬಂದ ಮೇಲೆ ಹೋಮ್ ಅಸಿಸ್ಟೆಂಟೇ ಹೊಸ ಡಿವೈಸ್ ಸಿಕ್ಕಿದೆ ಅಂತ ತೋರಿಸತ್ತೆ, ಸೇರಿಸ್ಕೊಳ್ಳಿ. ಆಮೇಲೆ ಸೆಟ್ಟಿಂಗ್ಸಲ್ಲಿ ಆಟೋಮೇಶನ್ಸಿಗೆ ಹೋಗಿ ಹೊಸದು ಮಾಡಿ. ಟ್ರಿಗರ್, ಮೇಲಿನ ಟ್ಯಾಂಕ್ 30ಕ್ಕಿಂತ ಕೆಳಗೆ. ಕಂಡೀಶನ್, ಸಂಪ್ 25ಕ್ಕಿಂತ ಮೇಲೆ, ಟೈಮು ಬೆಳಿಗ್ಗೆ 6ರಿಂದ ರಾತ್ರಿ 9ರೊಳಗೆ, ವೋಲ್ಟೇಜ್ 190ಕ್ಕಿಂತ ಮೇಲೆ. ಆ್ಯಕ್ಷನ್, ಮೋಟ್ರು ಆನ್. ಇನ್ನೊಂದು ಆಟೋಮೇಶನ್ನಲ್ಲಿ 95 ದಾಟಿದ್ರೆ ಆಫ್. ಮೇಲಿನ ಸೆನ್ಸರ್ ಅನ್‌ಅವೈಲಬಲ್ ಆಗಿ ಎರಡು ನಿಮಿಷ ಆದ್ರೂ ಆಫ್.

ಇಲ್ಲೊಂದು ಸೂಕ್ಷ್ಮ ಇದೆ. 30ಕ್ಕಿಂತ ಕೆಳಗೆ ಅನ್ನೋ ಟ್ರಿಗರ್ ಕೆಲಸ ಮಾಡೋದು ಲೆವೆಲ್ಲು 30ರ ಗೆರೆ ದಾಟೋ ಆ ಕ್ಷಣದಲ್ಲಿ ಮಾತ್ರ. ರಾತ್ರಿ 11ಕ್ಕೆ 29 ಆಯ್ತು, ಟೈಮ್ ಕಂಡೀಶನ್ ಇರೋದ್ರಿಂದ ಆನ್ ಆಗ್ಲಿಲ್ಲ, ಬೆಳಿಗ್ಗೆ 6ಕ್ಕೆ 22 ಇದೆ, ಆಗ್ಲೂ ಆನ್ ಆಗಲ್ಲ, ಯಾಕಂದ್ರೆ ಗೆರೆ ದಾಟಿ ಆಗೋಯ್ತು. ಸ್ನಾನಕ್ಕೆ ಹೋದವರಿಗೆ ನೀರಿರಲ್ಲ. ಅದಕ್ಕೆ ಅದೇ ಆಟೋಮೇಶನ್ನಿಗೆ ಹತ್ತು ನಿಮಿಷಕ್ಕೊಂದ್ಸಲ ಅನ್ನೋ ಟೈಮ್ ಪ್ಯಾಟರ್ನ್ ಟ್ರಿಗರ್ ಇನ್ನೊಂದು ಸೇರಿಸಿ, 30ಕ್ಕಿಂತ ಕೆಳಗೆ ಅನ್ನೋದನ್ನ ಕಂಡೀಶನಲ್ಲೂ ಹಾಕಿ.

ಹೆಲ್ಪರ್ಸಲ್ಲಿ ಒಂದು ಟಾಗಲ್ ಮಾಡಿ, ಆಟೋ ಬೇಡ ಅಂತ ಹೆಸರಿಡಿ, ಟ್ಯಾಂಕ್ ತೊಳೆಯೋ ದಿನ ಅದನ್ನ ಆನ್ ಮಾಡಿದ್ರೆ ಮೋಟ್ರು ಸುಮ್ನಿರತ್ತೆ. ಮೇಲೆ ಟ್ಯಾಂಕಿಗೆ ಆಳು ಇಳಿದಿರುವಾಗ ಮಾತ್ರ ಇದನ್ನ ನಂಬ್ಬೇಡಿ, ಸೆಲೆಕ್ಟರನ್ನೇ ಆಫಿಗೆ ತಿರುಗಿಸಿ.

ಕರೆಂಟ್ ಹೋಗಿದೆ ಅಂತ ತಿಳ್ಕೊಳ್ಳೋಕೆ ಬೇರೆ ಸೆನ್ಸರ್ ಬೇಡ. ಮೋಟ್ರು ಬೋರ್ಡು ಇನ್ವರ್ಟರ್ ಲೈನಲ್ಲಿ ಇಲ್ಲ ಅಂದ್ರೆ ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಅದು ಅನ್‌ಅವೈಲಬಲ್ ಆಗತ್ತೆ, ಅದೇ ಸುಳಿವು, ಅದಕ್ಕೊಂದು ನೋಟಿಫಿಕೇಶನ್ ಕಟ್ಟಿ.

ಹೆಸರು ಕನ್ನಡದಲ್ಲಿರ್ಲಿ

ಮೊದಲು ಎಲ್ಲಕ್ಕೂ ಇಂಗ್ಲಿಷಲ್ಲಿ ಚಿಕ್ಕ ಹೆಸರಿಡಿ, ಒಳಗಿನ ಐಡಿ ಅದರಿಂದ ಚೊಕ್ಕವಾಗಿ ಬರತ್ತೆ. ಆಮೇಲೆ ತೋರಿಸೋ ಹೆಸರನ್ನ ಕನ್ನಡಕ್ಕೆ ಬದಲಾಯಿಸಿ. ನಮ್ಮನೆ ಡ್ಯಾಶ್‌ಬೋರ್ಡಲ್ಲಿ ಇರೋದು ನಾಲ್ಕೇ: ಮೇಲಿನ ಟ್ಯಾಂಕು, ಸಂಪು, ಮೋಟ್ರು, ಆಟೋ ಬೇಡ. ಹಳೇ ಟ್ಯಾಬೊಂದನ್ನ ಅಡಿಗೆ ಮನೆ ಗೋಡೆಗೆ ಹಾಕಿದೀನಿ, ಅಮ್ಮ ಕುಕ್ಕರ್ ಇಡ್ತಾ ಒಂದ್ಸಲ ತಿರುಗಿ ನೋಡ್ತಾರೆ. ಮೊದಲು ನಾನು ವೋಲ್ಟೇಜು ಗ್ರಾಫು ವೈಫೈ ಸಿಗ್ನಲ್ಲು ಎಲ್ಲಾ ತುಂಬಿಸಿದ್ದೆ, ಅಮ್ಮ "ನೀರು ಎಷ್ಟಿದೆ ಅಂತ ಎಲ್ಲಿ ನೋಡ್ಲೋ ಇದರಲ್ಲಿ?" ಅಂದ ಮೇಲೆ ಎಲ್ಲಾ ತೆಗೆದೆ. ಅವೆಲ್ಲಾ ನಿಮ್ಮ ಪೇಜಲ್ಲಿ ಬೇರೆ ಇಟ್ಕೊಳ್ಳಿ.

ಲೈಟು, ಫ್ಯಾನು

ಇದು ಬೇಗ ಹೇಳ್ಬಿಡ್ತೀನಿ. ನಮ್ಮ ಸ್ವಿಚ್ ಬೋರ್ಡಲ್ಲಿ ಸಾಮಾನ್ಯವಾಗಿ ಪ್ಲಗ್ ಪಾಯಿಂಟೂ ಇರೋದ್ರಿಂದ ನ್ಯೂಟ್ರಲ್ ಸಿಗತ್ತೆ, ಸ್ವಿಚ್ ಹಿಂದೆ ಕೂರೋ ಚಿಕ್ಕ ಮಾಡ್ಯೂಲ್ ಹಾಕ್ಬಹುದು, ಹಳೇ ಸ್ವಿಚ್ಚೂ ಕೆಲಸ ಮಾಡೋ ತರದ್ದನ್ನೇ ತಗೊಳ್ಳಿ. ಬಿಎಲ್‌ಡಿಸಿ ಫ್ಯಾನಿಗೆ ರಿಮೋಟ್ ಇನ್‌ಫ್ರಾರೆಡ್ ಆಗಿದ್ರೆ ಇಎಸ್‌ಪಿ ಬೋರ್ಡಿಗೆ ಒಂದು ಐಆರ್ ರಿಸೀವರ್ ಹಾಕಿ ಕೋಡ್ ಕಲಿಸಿ, ಐಆರ್ ಎಲ್‌ಇಡಿಯಿಂದ ವಾಪಸ್ ಕಳಿಸಬಹುದು. ಹಳೇ ಫ್ಯಾನಿಗೆ ಬಲ್ಬಿನ ಡಿಮ್ಮರ್ ಹಾಕ್ಬೇಡಿ, ಗುಂಯ್ ಅನ್ನತ್ತೆ ಬಿಸಿಯಾಗತ್ತೆ.

ಬಾಗಿಲು ಸೆನ್ಸರ್ ತರದ ಬ್ಯಾಟರಿ ಐಟಮ್ಮಿಗೆ ಜಿಗ್ಬಿ (ಕಮ್ಮಿ ಬ್ಯಾಟರಿ ತಿನ್ನೋ ಬೇರೆ ತರದ ವೈರ್‌ಲೆಸ್) ಒಳ್ಳೇದು, ಯುಎಸ್‌ಬಿ ಡಾಂಗಲ್ ಒಂದು ತಗೊಂಡು ಜಿಗ್ಬಿ2ಎಂಕ್ಯೂಟಿಟಿ, ಮಸ್ಕಿಟೋ ಅನ್ನೋ ಎರಡು ಸಾಫ್ಟ್‌ವೇರ್ ಹಾಕಿದ್ರೆ ಆಯ್ತು. ಡಾಂಗಲನ್ನ ಸೀದಾ ಯುಎಸ್‌ಬಿ 3 ಪೋರ್ಟಿಗೆ ಚುಚ್ಚಬೇಡಿ, ಆ ಪೋರ್ಟಿನ ಗದ್ದಲ 2.4 ಗಿಗಾಹರ್ಟ್ಜಿಗೇ ಬರತ್ತೆ, ಒಂದು ಮೀಟರ್ ಎಕ್ಸ್‌ಟೆನ್ಶನ್ ಕೇಬಲಲ್ಲಿ ದೂರ ಇಡಿ. ಜಿಗ್ಬಿಯಲ್ಲಿ ಸಿಗ್ನಲ್ ಮುಂದಕ್ಕೆ ದಾಟಿಸೋದು ಕರೆಂಟಲ್ಲಿ ನಡೆಯೋ ಪ್ಲಗ್ಗು ಸ್ವಿಚ್ಚುಗಳು, ಕರೆಂಟ್ ಹೋದಾಗ ಅವೂ ಹೋಗಿ ದೂರದ ಸೆನ್ಸರ್ ಒಂಟಿಯಾಗತ್ತೆ, ಹಾಗಾಗಿ ನಡುಮನೇಲಿ ಒಂದು ಪ್ಲಗ್ಗನ್ನ ಇನ್ವರ್ಟರ್ ಪಾಯಿಂಟಲ್ಲಿ ಇಡಿ.

ಊರಾಚೆಯಿಂದ ನೋಡೋದು, ಬ್ಯಾಕಪ್ಪು

8123 ಪೋರ್ಟನ್ನ ರೌಟರಲ್ಲಿ ಹೊರಗೆ ತೆರೀಬೇಡಿ. ತೆರೆದ್ರೂ ಬಹಳ ಕಡೆ ಆಗಲ್ಲ, ಇಂಟರ್ನೆಟ್ ಕಂಪನಿಯವರು ಸಿಜಿನ್ಯಾಟ್ (ಹಲವು ಮನೆಗೆ ಒಂದೇ ಐಪಿ ಹಂಚೋ ವ್ಯವಸ್ಥೆ) ಹಿಂದೆ ಇಟ್ಟಿರ್ತಾರೆ, ನಿಮ್ಮದೇ ಪಬ್ಲಿಕ್ ಐಪಿ ಸಿಗಲ್ಲ. ಬದಲಿಗೆ ವಿಪಿಎನ್ (ಹೊರಗಿಂದ ಮನೆ ನೆಟ್‌ವರ್ಕಿಗೆ ಬರೋ ಭದ್ರವಾದ ದಾರಿ) ಬಳಸಿ: ಪಬ್ಲಿಕ್ ಐಪಿ ಇದ್ರೆ ವೈರ್‌ಗಾರ್ಡ್, ಇಲ್ಲಾ ಅಂದ್ರೆ ಟೇಲ್‌ಸ್ಕೇಲ್ ಆ್ಯಡ್-ಆನ್ ಹಾಕಿ ಫೋನಲ್ಲೂ ಅದೇ ಹಾಕಿ. ಟೇಲ್‌ಸ್ಕೇಲಿನ ನಡುವಿನ ಸರ್ವರ್ ಓಪನ್ ಸೋರ್ಸ್ ಅಲ್ಲ, ಅದೂ ನಿಮ್ಮದೇ ಇರ್ಬೇಕು ಅಂದ್ರೆ ಹೆಡ್‌ಸ್ಕೇಲ್ ಇದೆ. ಹೋಮ್ ಅಸಿಸ್ಟೆಂಟಿನದೇ ಕ್ಲೌಡ್ ಚಂದಾ ಕೂಡ ಇದೆ, ಆ ದುಡ್ಡು ಪ್ರಾಜೆಕ್ಟ್ ಮುಂದುವರಿಸೋಕೆ ಹೋಗತ್ತೆ, ಕೊಡೋಕೆ ಆಗೋರು ಕೊಡಿ.

ಸಿಸ್ಟಮ್ ಒಳಗೆ ಬ್ಯಾಕಪ್ಸಲ್ಲಿ ಆಟೋಮ್ಯಾಟಿಕ್ ಬ್ಯಾಕಪ್ ಆನ್ ಮಾಡಿ, ಅದೇ ಮಷೀನಲ್ಲಿ ಇಡದೆ ಬೇರೆ ಡಿಸ್ಕಿಗೆ ಹೋಗೋ ಹಾಗೆ ಮಾಡಿ. ಎನ್‌ಕ್ರಿಪ್ಶನ್ ಕೀ ಅಂತ ಒಂದು ಕೊಡತ್ತೆ, ಅದನ್ನ ಪ್ರಿಂಟ್ ತೆಗೆದು ಮನೆ ಪತ್ರದ ಜೊತೆ ಇಟ್ಬಿಡಿ, ಕೀ ಇಲ್ಲದ ಬ್ಯಾಕಪ್ ತೆರೆಯೋಕೇ ಆಗಲ್ಲ. ಹೊಸ ವರ್ಷನ್ ತಿಂಗಳಿಗೊಂದು ಬರತ್ತೆ, ಬಂದ ದಿನವೇ ಹಾಕ್ಬೇಡಿ, ಒಂದು ವಾರ ಬಿಟ್ಟು ಬ್ಯಾಕಪ್ ತಗೊಂಡು ಹಾಕಿ.

ಎಲ್ಲಾ ಆದ್ಮೇಲೆ ಒಂದು ಭಾನುವಾರ ಬೆಳಿಗ್ಗೆ ಈ ಟೆಸ್ಟ್ ಮಾಡಿ, ನಾನು ಮೂರು ತಿಂಗಳಿಗೊಮ್ಮೆ ಮಾಡ್ತೀನಿ. ಮೋಟ್ರು ಆಟೋದಲ್ಲಿ ಓಡ್ತಿರುವಾಗ ಸರ್ವರಿನ ಲ್ಯಾನ್ ಕೇಬಲ್ ಕಿತ್ತು ಹಾಕಿ, ಟೆರೇಸಿಗೆ ಹೋಗಿ ಫ್ಲೋಟನ್ನ ಕೈಯಲ್ಲಿ ಎತ್ತಿ ಹಿಡೀರಿ, ಕೆಳಗಡೆ ಕಾಂಟ್ಯಾಕ್ಟರ್ ಟಕ್ ಅನ್ಬೇಕು. ಆಮೇಲೆ ಫ್ಲೋಟಿನ ವೈರನ್ನ ಬೋರ್ಡಿಂದ ಬಿಚ್ಚಿ ಆಟೋದಲ್ಲಿ ಹಾಕಿ ನೋಡಿ, ಮೋಟ್ರು ಶುರುವಾಗ್ಬಾರ್ದು. ರೌಟರ್ ಆಫ್ ಮಾಡಿ ಕಾಲು ಗಂಟೆಗಿಂತ ಜಾಸ್ತಿ ಓಡ್ಸಿ, ನಡುವೆ ನಿಲ್ಲಬಾರ್ದು. ಕೊನೇಗೆ ಇಎಸ್‌ಪಿ ಬೋರ್ಡಿನ ಅಡಾಪ್ಟರನ್ನೇ ತೆಗೆದು, ಮನೇಲಿ ಈ ಕೆಲಸಕ್ಕೆ ಕೈ ಹಾಕದೇ ಇರೋರನ್ನ ಕರೆದು, ಏನೂ ಹೇಳದೆ, ಮೋಟ್ರು ಹಾಕಿ ಅನ್ನಿ. ಅವರು ಸೆಲೆಕ್ಟರನ್ನ ಮ್ಯಾನ್ಯುಯಲಿಗೆ ತಿರುಗಿಸಿ, ಮೇಲೆ ಪೈಪಲ್ಲಿ ನೀರು ಬೀಳೋ ಸದ್ದು ಕೇಳಿದ್ರೆ ಬಾಕ್ಸಿನ ಸ್ಕ್ರೂ ಬಿಗಿ ಮಾಡಿ.